26 ತುಂಬಿದ ಮೇಲೆ ಇನ್ಶೂರೆನ್ಸ್ ಕಥೆ ಏನು?



ಅಮೆರಿಕದಲ್ಲಿ ಬೆಳೆದ ನಿಮ್ಮಲ್ಲಿ ಹಲವರಿಗೆ ಆರೋಗ್ಯ ವಿಮೆ ಅಂದರೆ ಪರ್ಸಿನಲ್ಲಿರುವ ಒಂದು ಕಾರ್ಡು, ಅಷ್ಟೆ. ಅಪ್ಪನದೋ ಅಮ್ಮನದೋ ಕಂಪನಿಯಿಂದ ಬಂದದ್ದು. ಆ ಕಾರ್ಡಿಗೊಂದು ಕೊನೆಯ ದಿನ ಇದೆ. 2010ರ ಅಫೋರ್ಡಬಲ್ ಕೇರ್ ಆಕ್ಟ್ ಪ್ರಕಾರ ನಿಮಗೆ 26 ತುಂಬುವವರೆಗೆ ಅಪ್ಪ ಅಮ್ಮನ ವಿಮೆಯಲ್ಲಿ ಇರಬಹುದು. ಮದುವೆಯಾಗಿದ್ದರೂ ಸರಿ, ಬೇರೆ ಊರಿನಲ್ಲಿದ್ದರೂ ಸರಿ. 26 ಆದ ಮೇಲೆ ನಿಮ್ಮ ದಾರಿ ನೀವೇ ನೋಡಿಕೊಳ್ಳಬೇಕು.

ಒಳ್ಳೆಯ ಕೆಲಸ ಇದ್ದವರಿಗೆ ಇದು ದೊಡ್ಡ ವಿಷಯವಲ್ಲ, ಅವರ ಕಂಪನಿಯೇ ವಿಮೆ ಕೊಡುತ್ತದೆ. ಇವತ್ತಿನ ಮಾತು ಪಾರ್ಟ್ ಟೈಮ್ ಕೆಲಸದಲ್ಲಿರುವವರಿಗೆ, ಇನ್ನೂ ಓದುತ್ತಿರುವವರಿಗೆ, ಸಂಗೀತವನ್ನೋ ನೃತ್ಯವನ್ನೋ ನಂಬಿಕೊಂಡವರಿಗೆ, ಕೆಲಸ ಹುಡುಕುತ್ತಿರುವವರಿಗೆ.

ಮೊದಲು ತಾರೀಖು ತಿಳಿದುಕೊಳ್ಳಿ. ಕೆಲವು ಕಂಪನಿಗಳ ವಿಮೆ ಹುಟ್ಟುಹಬ್ಬದ ದಿನವೇ ನಿಲ್ಲುತ್ತದೆ, ಕೆಲವು ಆ ತಿಂಗಳ ಕೊನೆಗೆ. ಅಪ್ಪ ಅಮ್ಮ ಮಾರ್ಕೆಟ್‌ಪ್ಲೇಸ್‌ನಲ್ಲಿ ಕೊಂಡ ವಿಮೆಯಾದರೆ ಡಿಸೆಂಬರ್ 31ರವರೆಗೆ ಇರುತ್ತದೆ. ಆ ಕೊನೆಯ ದಿನಕ್ಕಿಂತ 60 ದಿನ ಮೊದಲಿನಿಂದ 60 ದಿನ ನಂತರದವರೆಗೆ ಮಾರ್ಕೆಟ್‌ಪ್ಲೇಸ್‌ನಲ್ಲಿ ಹೊಸ ವಿಮೆ ಆರಿಸಿಕೊಳ್ಳಬಹುದು. ಮೊದಲೇ ಆರಿಸಿದರೆ ನಡುವೆ ಖಾಲಿ ದಿನಗಳು ಉಳಿಯುವುದಿಲ್ಲ. ಅವಕಾಶ ಕಳೆದುಕೊಂಡರೆ ಸಾಮಾನ್ಯವಾಗಿ ನವೆಂಬರ್ 1ಕ್ಕೆ ಶುರುವಾಗುವ ಓಪನ್ ಎನ್ರೋಲ್‌ಮೆಂಟ್‌ವರೆಗೆ ಕಾಯಬೇಕು.

ಇನ್ನು ಮುಖ್ಯವಾದ ಪ್ರಶ್ನೆ: ಯಾರ ಆದಾಯ ಲೆಕ್ಕಕ್ಕೆ ಬರುತ್ತದೆ? "ನಾನು ಅಪ್ಪ ಅಮ್ಮನ ಮನೆಯಲ್ಲೇ ಇದ್ದೇನೆ, ಅವರ ಸಂಬಳ ಜಾಸ್ತಿ, ನನಗೆ ಸಹಾಯ ಸಿಗಲ್ಲ" ಅಂತ ಅರ್ಜಿಯನ್ನೇ ಹಾಕದವರು ಇದ್ದಾರೆ. ಒಂದೇ ಮನೆಯಲ್ಲಿ ಇರುವುದು ಇಲ್ಲಿ ಮುಖ್ಯವಲ್ಲ, ತೆರಿಗೆ ಮುಖ್ಯ. ಅಪ್ಪ ಅಮ್ಮ ತಮ್ಮ ಟ್ಯಾಕ್ಸ್ ರಿಟರ್ನ್‌ನಲ್ಲಿ ನಿಮ್ಮನ್ನು ಡಿಪೆಂಡೆಂಟ್ ಎಂದು ತೋರಿಸಿದರೆ ಅವರ ಆದಾಯವೂ ಸೇರುತ್ತದೆ. ನೀವೇ ಸ್ವಂತವಾಗಿ ಟ್ಯಾಕ್ಸ್ ಫೈಲ್ ಮಾಡುವ ಒಂಟಿ ವ್ಯಕ್ತಿಯಾದರೆ ನಿಮ್ಮ ಆದಾಯ ಮಾತ್ರ. 26ರ ವಯಸ್ಸಿನವರು ವರ್ಷಕ್ಕೆ 5,200 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಗಳಿಸಿದರೆ (ಇದು 2025ರ ಮಿತಿ) ಅವರನ್ನು ಸಾಮಾನ್ಯವಾಗಿ ಡಿಪೆಂಡೆಂಟ್ ಎಂದು ತೋರಿಸಲು ಬರುವುದೇ ಇಲ್ಲ. ಹಳೆಯ ಅಭ್ಯಾಸದಂತೆ ಅಪ್ಪ ನಿಮ್ಮ ಹೆಸರು ಸೇರಿಸುತ್ತಿದ್ದಾರೆಯೇ ಎಂದು ಈಗಲೇ ಕೇಳಿ.

ಆಮೇಲೆ ನೀವು ಯಾವ ರಾಜ್ಯದಲ್ಲಿದ್ದೀರಿ ಎನ್ನುವುದು. 2025ರ ಲೆಕ್ಕದಲ್ಲಿ ಒಬ್ಬ ವ್ಯಕ್ತಿಯ ಬಡತನದ ರೇಖೆ ವರ್ಷಕ್ಕೆ 15,650 ಡಾಲರ್. ಮೆಡಿಕೇಡ್ ವಿಸ್ತರಿಸಿದ 40 ರಾಜ್ಯಗಳಲ್ಲಿ ಇದರ ಶೇಕಡಾ 138ರವರೆಗೆ, ಅಂದರೆ ತಿಂಗಳಿಗೆ ಸುಮಾರು 1,800 ಡಾಲರ್‌ವರೆಗೆ, ಗಳಿಸುವವರು ಮೆಡಿಕೇಡ್ ಪಡೆಯಬಹುದು.

ಮೂರು ಉದಾಹರಣೆ ನೋಡೋಣ. ನ್ಯೂಜೆರ್ಸಿಯಲ್ಲಿ ವರ್ಷಕ್ಕೆ 18,000 ಡಾಲರ್ ಗಳಿಸುವ ಹುಡುಗಿಗೆ ಮೆಡಿಕೇಡ್ ಸಿಗುತ್ತದೆ. ಅದಕ್ಕೆ ವರ್ಷದ ಯಾವ ದಿನ ಬೇಕಾದರೂ ಅರ್ಜಿ ಹಾಕಬಹುದು. ಟೆಕ್ಸಾಸ್‌ನಲ್ಲಿ ಅದೇ 18,000 ಗಳಿಸುವ ಹುಡುಗನಿಗೆ ಮೆಡಿಕೇಡ್ ಇಲ್ಲ, ಆದರೆ ಕೆಲಸದ ಕಡೆಯಿಂದ ವಿಮೆ ಇಲ್ಲದಿದ್ದರೆ ಮಾರ್ಕೆಟ್‌ಪ್ಲೇಸ್ ವಿಮೆಗೆ ದೊಡ್ಡ ಸಬ್ಸಿಡಿ ಇದೆ. ಅದೇ ಟೆಕ್ಸಾಸ್‌ನಲ್ಲಿ 12,000 ಮಾತ್ರ ಗಳಿಸುವವರಿಗೆ, ಮಕ್ಕಳಾಗಲಿ ಅಂಗವೈಕಲ್ಯವಾಗಲಿ ಇಲ್ಲದಿದ್ದರೆ, ಎರಡೂ ಇಲ್ಲ. ಹೌದು, ಕಡಿಮೆ ಗಳಿಸುವವರಿಗೇ ಸಹಾಯ ಇಲ್ಲ! ಹಾಗಾಗಿ ವಾರಾಂತ್ಯದ ಡ್ಯಾನ್ಸ್ ಕ್ಲಾಸು, ಟ್ಯೂಷನ್, ಡೆಲಿವರಿ, ಎಲ್ಲ ಗಳಿಕೆಯನ್ನೂ ಪ್ರಾಮಾಣಿಕವಾಗಿ ಸೇರಿಸಿ. ಬಿಟ್ಟುಹೋದ ಆ ಪುಡಿಗಾಸೇ ನಿಮ್ಮನ್ನು ರೇಖೆಯ ಮೇಲಕ್ಕೆ ತರಬಹುದು. ಆದಾಯ ಬದಲಾದರೆ ಮಾರ್ಕೆಟ್‌ಪ್ಲೇಸ್‌ಗೆ ತಿಳಿಸಿ, ಇಲ್ಲದಿದ್ದರೆ ಹೆಚ್ಚಾಗಿ ಪಡೆದ ಸಬ್ಸಿಡಿಯನ್ನು ಟ್ಯಾಕ್ಸ್ ಸಮಯದಲ್ಲಿ ವಾಪಸ್ ಕಟ್ಟಬೇಕಾಗುತ್ತದೆ.

ಇನ್ನು ವಿಮೆ ಆರಿಸುವುದು. ಬ್ರಾಂಜ್ ವಿಮೆಯ ತಿಂಗಳ ಕಂತು ಕಡಿಮೆ, ಆದರೆ ಕಾಯಿಲೆ ಬಂದಾಗ ನಿಮ್ಮ ಜೇಬಿನಿಂದ ಹೋಗುವುದು ಹೆಚ್ಚು. ಕಡಿಮೆ ಆದಾಯದವರು ಸಿಲ್ವರ್ ನೋಡದೆ ಬ್ರಾಂಜ್ ತೆಗೆದುಕೊಳ್ಳಬಾರದು. ಬಡತನದ ರೇಖೆಯ ಎರಡೂವರೆ ಪಟ್ಟುವರೆಗಿನ ಆದಾಯದವರಿಗೆ ಡಿಡಕ್ಟಬಲ್, ಕೋಪೇ ಇಳಿಸುವ ವಿಶೇಷ ಸಹಾಯ ಸಿಲ್ವರ್‌ನಲ್ಲಿ ಮಾತ್ರ ಸಿಗುತ್ತದೆ. ಟೆಕ್ಸಾಸ್‌ನ ಆ ಹುಡುಗನಿಗೆ ಸಿಗುವ ಸಿಲ್ವರ್ ವಿಮೆ ಚಿಕಿತ್ಸೆಯ ಖರ್ಚಿನಲ್ಲಿ ಸರಾಸರಿ ಶೇಕಡಾ 94ರಷ್ಟು ಭರಿಸುತ್ತದೆ. ಬ್ರಾಂಜ್ ಭರಿಸುವುದು ಸುಮಾರು 60.

ಅಪ್ಪನ ಕಂಪನಿಯ ವಿಮೆಯನ್ನೇ ಕೋಬ್ರಾ ನಿಯಮದಡಿ 36 ತಿಂಗಳವರೆಗೆ ಮುಂದುವರಿಸಬಹುದು. ಆದರೆ ಕಂಪನಿಯ ಪಾಲನ್ನೂ ನೀವೇ ಕಟ್ಟಬೇಕಾಗುವುದರಿಂದ ಅದು ದುಬಾರಿ. ಚಿಕಿತ್ಸೆಯ ನಡುವೆ ಡಾಕ್ಟರನ್ನು ಬದಲಿಸಲು ಆಗದವರಿಗೆ ಮಾತ್ರ ಅದು ಸರಿಹೋಗಬಹುದು.

ಈಗ ಮನೆಯ ಮಾತು. ನಿಮ್ಮ ಅಪ್ಪ ಅಮ್ಮ ಬೆಳೆದ ಊರಿನಲ್ಲಿ ಡಾಕ್ಟರಿಗೆ ಕೈಯಿಂದ ದುಡ್ಡು ಕೊಟ್ಟು ಬರುವುದೇ ರೂಢಿ. ಅದಕ್ಕೇ ಕೆಲವರು "ನಿನಗಿನ್ನೂ ವಯಸ್ಸಿದೆ, ಏನಾಗುತ್ತೆ?" ಅನ್ನುತ್ತಾರೆ. ರಜೆಗೆ ಬೆಂಗಳೂರಿಗೆ ಹೋದಾಗ ಹಲ್ಲು, ಕಣ್ಣು ತೋರಿಸಿಕೊಂಡು ಬರಬಹುದು. ಆದರೆ ಅಪೆಂಡಿಕ್ಸ್ ನೋವು ಟಿಕೆಟ್ ಸಿಗುವವರೆಗೆ ಕಾಯುವುದಿಲ್ಲ. 1986ರ ಕಾನೂನಿನಂತೆ ಎಮರ್ಜೆನ್ಸಿಯಲ್ಲಿ ಆಸ್ಪತ್ರೆಯವರು ದುಡ್ಡಿಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ, ನಿಜ. ಆಮೇಲೆ ಬಿಲ್ಲು ಬಂದೇ ಬರುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಪ್ರಯೋಜನ?

ಇನ್ನು ಕೆಲವರು "ಸರ್ಕಾರದ ಬಿಟ್ಟಿ ನಮಗೆ ಯಾಕೆ? ಜನ ಏನಂತಾರೆ?" ಅನ್ನುತ್ತಾರೆ. ಅವರು ಇಷ್ಟು ವರ್ಷ ಕಟ್ಟಿದ ತೆರಿಗೆಯಿಂದಲೂ ಇದು ನಡೆಯುತ್ತಿದೆ ಎಂದು ಸಮಾಧಾನವಾಗಿ ಹೇಳಿ. ನೀವು ಅಮೆರಿಕದ ಪೌರರಾಗಿದ್ದರೆ ಪಬ್ಲಿಕ್ ಚಾರ್ಜ್ ನಿಯಮ ನಿಮಗೆ ಅನ್ವಯಿಸುವುದಿಲ್ಲ. ಗ್ರೀನ್ ಕಾರ್ಡ್ ಬಂದು 5 ವರ್ಷ ಆಗಿರದಿದ್ದರೆ ಮೆಡಿಕೇಡ್ ಸಾಮಾನ್ಯವಾಗಿ ಸಿಗದು, ಮಾರ್ಕೆಟ್‌ಪ್ಲೇಸ್ ವಿಮೆ ಕೊಳ್ಳಬಹುದು. ಇನ್ನೊಂದು ವಿಷಯ: 2025ರ ಹೊಸ ಕಾನೂನಿನಂತೆ 2027ರಿಂದ ವಿಸ್ತರಿತ ಮೆಡಿಕೇಡ್‌ನಲ್ಲಿರುವ ಹೆಚ್ಚಿನವರು ತಿಂಗಳಿಗೆ 80 ಗಂಟೆ ಕೆಲಸ, ಸಮಾಜಸೇವೆ ಅಥವಾ ತರಬೇತಿ, ಇಲ್ಲವೇ ಓದು ತೋರಿಸಬೇಕು. ಸಂಬಳದ ಚೀಟಿಗಳನ್ನು ಜೋಪಾನವಾಗಿಡಿ.

"ನಾವೇ ಕಟ್ಟುತ್ತೇವೆ ಬಿಡು" ಎನ್ನುವ ಅಪ್ಪ ಅಮ್ಮನೂ ಇದ್ದಾರೆ. ಪ್ರೀತಿಯಿಂದ ಕೊಟ್ಟರೆ ತೆಗೆದುಕೊಳ್ಳಿ. ಅವರು ಉಡುಗೊರೆಯಾಗಿ ಕೊಟ್ಟ ಹಣ ನಿಮ್ಮ ಆದಾಯಕ್ಕೆ ಸೇರುವುದಿಲ್ಲ. ಆದರೆ ಅರ್ಜಿಯನ್ನು ನೀವೇ ತುಂಬಿ, ನಿಮ್ಮ ಹೆಸರಿನಲ್ಲೇ ಇರಲಿ. ಹೆಲ್ತ್‌ಕೇರ್ ಡಾಟ್ ಗವ್ ಎಂಬ ಸರ್ಕಾರಿ ತಾಣದಲ್ಲೇ ಶುರು ಮಾಡಿ, ನಿಮ್ಮ ರಾಜ್ಯಕ್ಕೆ ಬೇರೆ ತಾಣ ಇದ್ದರೆ ಅದೇ ಅಲ್ಲಿಗೆ ಕಳಿಸುತ್ತದೆ. ಉಚಿತವಾಗಿ ಸಹಾಯ ಮಾಡುವ ನ್ಯಾವಿಗೇಟರ್‌ಗಳ ವಿವರವೂ ಅಲ್ಲೇ ಸಿಗುತ್ತದೆ.

ನಿಮಗೀಗ 25 ಆಗಿದ್ದರೆ, ಈ ವಾರ ಅಪ್ಪನನ್ನೋ ಅಮ್ಮನನ್ನೋ ಎರಡು ಪ್ರಶ್ನೆ ಕೇಳಿ: "ನನ್ನ ವಿಮೆ ಯಾವ ದಿನ ಮುಗಿಯುತ್ತೆ? ಈ ವರ್ಷದ ಟ್ಯಾಕ್ಸ್‌ನಲ್ಲಿ ನನ್ನ ಹೆಸರು ಇರುತ್ತಾ?" ಉಳಿದ ಲೆಕ್ಕವೆಲ್ಲ ಆ ಎರಡು ಉತ್ತರಗಳಿಂದಲೇ ಶುರುವಾಗುತ್ತದೆ.