ಅಡಿಕೆಯ ಹೆಸರಿನ ದ್ವೀಪದಲ್ಲಿ ಒಂದು ಲೋಟ ಕಾಫಿ

ಕೊಯ್ಲು ಮುಗಿದು ಹೂಮಳೆಗಾಗಿ ಮುಗಿಲು ನೋಡುವ ನಡುವಿನ ಬಿಡುವಿನಲ್ಲಿ ನಾವು ನಾಲ್ವರು ಸದಸ್ಯರು ಈ ಸಲ ಮಲೇಷ್ಯಾ ದೇಶದ ಪೆನಾಂಗ್ ದ್ವೀಪಕ್ಕೆ ಹೋಗಿಬಂದೆವು. ಖರ್ಚು ಅವರವರ ಕಿಸೆಯದು. ಸಂಘದ ಲೆಕ್ಕದಲ್ಲಿ ಒಂದು ಕಾಸೂ ಬಿದ್ದಿಲ್ಲವೆಂದು ಮೊದಲೇ ಅರಿಕೆ ಮಾಡಿಕೊಂಡರೆ ಮಹಾಸಭೆಯಲ್ಲಿ ಒಂದು ಪ್ರಶ್ನೆ ಕಡಿಮೆಯಾದೀತು. ಕಡಲತೀರ, ದೇವಾಲಯಗಳ ವರ್ಣನೆ ಮಾಡುವ ಉದ್ದೇಶ ನಮಗಿಲ್ಲ. ಅಲ್ಲಿನ ಬೆಟ್ಟದ ಮೇಲಿನ ಒಂದು ಫುಡ್ ಕೋರ್ಟಿನಲ್ಲಿ ಕಳೆದ ಎರಡು ಗಂಟೆಯ ವಿಚಾರವನ್ನಷ್ಟೇ ಬೆಳೆಗಾರ ಬಾಂಧವರ ಮುಂದಿಡುತ್ತೇವೆ. ಅದರಲ್ಲಿ ಕಾಫಿಯವರಿಗೂ ಅಡಿಕೆಯವರಿಗೂ ಪಾಲಿದೆ.

ಮಲಯ ಭಾಷೆಯಲ್ಲಿ ‘ಪಿನಾಂಗ್’ ಎಂದರೆ ಅಡಿಕೆ. ‘ಪುಲಾವ್ ಪಿನಾಂಗ್’ ಎಂದರೆ ಅಡಿಕೆಯ ದ್ವೀಪ. ಆ ರಾಜ್ಯದ ಬಾವುಟದ ನಟ್ಟನಡುವೆ ಅಡಿಕೆ ಮರದ ಚಿತ್ರವೇ ಇದೆ. ಇದನ್ನು ಕೇಳಿದ ನಮ್ಮ ಸಂಗಡಿಗರೊಬ್ಬರು, “ಹಾಗಾದರೆ ಕವಳದ ಸಂಚಿ ಖಾಲಿ ಮಾಡಿಕೊಂಡೇ ಹೋಗುವ, ಅಲ್ಲಿ ಬೇಕಾದಷ್ಟು ಸಿಗುತ್ತದೆ” ಎಂದು ಹೊರಟಿದ್ದರು. ಅವರ ಪಾಡನ್ನು ಮುಂದೆ ಹೇಳುತ್ತೇವೆ.

ಪೆನಾಂಗ್ ಬೆಟ್ಟಕ್ಕೆ ಹಗ್ಗದಿಂದ ಎಳೆಯುವ ರೈಲನ್ನು ಬ್ರಿಟಿಷರು 1923ರಲ್ಲಿ ಹಾಕಿಸಿದರು. ಹಿಂದೆ ನಡುದಾರಿಯಲ್ಲಿ ಇಳಿದು ಬಂಡಿ ಬದಲಿಸಬೇಕಾಗಿತ್ತಂತೆ. 2011ರಲ್ಲಿ ಹೊಸ ಬಂಡಿ ಬಂದ ಮೇಲೆ ಕೆಳಗಿನಿಂದ ತುದಿಯವರೆಗೆ ಒಂದೇ ಓಟ. ಸುತ್ತಲೂ ದಟ್ಟ ಕಾಡು. ಯುನೆಸ್ಕೋ 2021ರಲ್ಲಿ ಇದನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ಮೇಲೆ ಮುರುಗನ ಗುಡಿಯೂ ಇದೆ, ಮಸೀದಿಯೂ ಇದೆ. ಮಂಜು ಕವಿದಾಗ ನಮ್ಮ ಘಟ್ಟದಲ್ಲೇ ಇದ್ದಂತಾಯಿತು.

ಮೇಲೆ ಇಳಿದವರಿಗೆ ಹಸಿವಾಗುವುದು ಸಹಜ. ಅಲ್ಲಿನ ಫುಡ್ ಕೋರ್ಟಿನ ಏರ್ಪಾಡು ಹೀಗಿದೆ: ಒಂದೇ ಸೂರಿನಡಿ ಸಣ್ಣ ಸಣ್ಣ ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಮೇಜು ಕುರ್ಚಿ. ಒಬ್ಬೊಬ್ಬ ಅಂಗಡಿಯವನದು ಒಂದು ಅಥವಾ ಎರಡೇ ತಿಂಡಿ. ಒಬ್ಬ ಬಾಣಲೆಯಲ್ಲಿ ಅಕ್ಕಿಯ ಪಟ್ಟಿಶ್ಯಾವಿಗೆ ಹುರಿಯುತ್ತಾನೆ, ಇನ್ನೊಬ್ಬ ರೊಟ್ಟಿ ಬಡಿಯುತ್ತಾನೆ, ಮತ್ತೊಬ್ಬಳದು ಬರಿಯ ಪಾನೀಯ. ಎಲ್ಲವನ್ನೂ ಮಾಡುವ ಹೋಟೆಲು ಅಲ್ಲಿಲ್ಲ. ಒಂದನ್ನೇ ದಿನವೂ ಮಾಡುವುದರಿಂದ ಕೈ ಪಳಗುತ್ತದೆ, ಬಂಡವಾಳವೂ ಕಡಿಮೆ ಸಾಕು. ತಮ್ಮ ಅಡುಗೆಯ ರುಚಿಯ ಬಗ್ಗೆ ಅವರಿಗೆ ಎಷ್ಟು ಕಾಳಜಿಯೆಂದರೆ, ಬೀದಿ ಅಂಗಡಿಗಳಲ್ಲಿ ಸ್ಥಳೀಯ ಖಾದ್ಯಗಳನ್ನು ವಿದೇಶಿ ಕೆಲಸಗಾರರು ಬೇಯಿಸಕೂಡದೆಂಬ ನಿರ್ಬಂಧವನ್ನು ಪೆನಾಂಗ್ ಸರ್ಕಾರ 2016ರಲ್ಲಿ ಜಾರಿಗೆ ತಂದಿತು.

ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು. ರೊಟ್ಟಿಯವನು ತಮಿಳು ಬಲ್ಲವನಾಗಿದ್ದ. ಲೈನುಮನೆಯ ಆಳುಗಳೊಡನೆ ಆಡಿ ಕಲಿತ ನಮ್ಮ ಹರುಕುಮುರುಕು ತಮಿಳು ಅಂದು ಉಪಯೋಗಕ್ಕೆ ಬಂತು. ಅಲ್ಲಿನ ಅನೇಕ ಸಾರು ಚಟ್ನಿಗಳಲ್ಲಿ ಕಣ್ಣಿಗೆ ಕಾಣದಂತೆ ಸಿಗಡಿಯ ಹಿಂಡಿ ಬೆರೆತಿರುತ್ತದೆ, ಕೇಳಿಯೇ ತಿನ್ನಿ ಎಂದು ಎಚ್ಚರಿಸಿ, ಅವರಿಬ್ಬರಿಗೆ ಬೇಳೆಸಾರಿನ ಜೊತೆ ರೊಟ್ಟಿ ಕೊಟ್ಟ. ಬಳಿಕ ಎಲ್ಲರೂ ‘ಚೆಂಡೋಲ್’ ತಿಂದೆವು. ಹಸಿರು ಬಣ್ಣದ ಶ್ಯಾವಿಗೆಯಂಥ ಎಳೆಗಳು, ತೆಂಗಿನಹಾಲು, ತಾಳೆಬೆಲ್ಲ, ಮೇಲೆ ಪುಡಿಮಾಡಿದ ಮಂಜುಗಡ್ಡೆ. ಒತ್ತುಶ್ಯಾವಿಗೆಗೆ ಕಾಯಿಹಾಲು ಹಾಕಿಕೊಂಡು ಬೆಳೆದವರಿಗೆ ಅದು ಪರದೇಶದ ತಿನಿಸೆಂದು ಅನಿಸಲೇ ಇಲ್ಲ.

ಇನ್ನು ಕಾಫಿಯ ವಿಷಯ. ‘ಕೋಪಿ’ ಎಂದು ಕೇಳಿದೆವು. ಗಟ್ಟಿ ಸಕ್ಕರೆಹಾಲು ತಳದಲ್ಲಿ ನಿಂತ, ಕರಿಯ ಡಿಕಾಕ್ಷನ್ನಿನ ಲೋಟ ಬಂತು. ಸಕ್ಕರೆ ಕಾಯಿಲೆಯ ಸಂಗಡಿಗರು ಅದನ್ನು ಮುಟ್ಟುವಂತಿರಲಿಲ್ಲ. ಹಾಲಿಲ್ಲದ್ದಕ್ಕೆ ‘ಕೋಪಿ ಓ’ ಎನ್ನಬೇಕು, ಸಕ್ಕರೆಯೂ ಬೇಡವಾದರೆ ‘ಕೋಪಿ ಓ ಕೋಸಾಂಗ್’ ಎನ್ನಬೇಕೆಂದು ರೊಟ್ಟಿಯವನು ಹೇಳಿಕೊಟ್ಟ. ಎರಡನೆಯ ಸಲ ಬಂದ ಆ ಕಪ್ಪು ಕಾಫಿಯನ್ನು ಗುಟುಕರಿಸಿದಾಗ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾಲಿಗೆಗೆ ಪರಿಚಯದ ರುಚಿ. ಅದು ರೋಬಸ್ಟಾ!

ಆ ಸೀಮೆಯ ಕೋಪಿಗೆ ಬಳಸುವುದು ಬಹುಮಟ್ಟಿಗೆ ರೋಬಸ್ಟಾ ಬೀಜವೇ. ನಾವು ಬೇಲಿಯಂಚಿನಲ್ಲಿ ಬಿಟ್ಟ ಲಿಬೆರಿಕಾ ಕೂಡ ಮಲೇಷ್ಯಾದಲ್ಲಿ ಬೆಳೆ. ಬೀಜವನ್ನು ಸಕ್ಕರೆ, ಮಾರ್ಗರೀನ್ ಹಾಕಿ ಕಪ್ಪಾಗಿ ಹುರಿಯುತ್ತಾರೆ. ಬಟ್ಟೆಯ ಉದ್ದನೆಯ ಚೀಲದಲ್ಲಿ ಪುಡಿ ಹಾಕಿ ಕುದಿನೀರು ಹೊಯ್ದು ಸೋಸುತ್ತಾರೆ. ಯಂತ್ರವಿಲ್ಲ, ಆಡಂಬರವಿಲ್ಲ. ನಾವು ‘ಎರಡನೆಯ ದರ್ಜೆ’ ಎಂದು ನಾವೇ ಹೀಗಳೆಯುವ ಬೀಜವನ್ನು ಅವರು ತಮ್ಮ ಊರಿನ ಹೆಮ್ಮೆಯೆಂದು ಪ್ರವಾಸಿಗಳ ಕೈಗೆ ಕೊಡುತ್ತಾರೆ. ಬಂದವರೂ ಅದನ್ನೇ ಕೇಳಿ ಕುಡಿಯುತ್ತಾರೆ.

ಪಕ್ಕದ ಮೇಜಿನವರು ಕುಡಿಯುತ್ತಿದ್ದ ಇನ್ನೊಂದು ಪಾನೀಯವನ್ನು ವಿಚಾರಿಸಿದರೆ ಅದು ಜಾಯಿಕಾಯಿ ರಸ! ಜಾಯಿಕಾಯಿಯನ್ನು ಈಸ್ಟ್ ಇಂಡಿಯಾ ಕಂಪೆನಿಯವರು ಈ ದ್ವೀಪಕ್ಕೆ ತಂದು ನೆಟ್ಟರು. ಪತ್ರೆ ಮತ್ತು ಬೀಜ ತೆಗೆದುಕೊಂಡು ನಾವು ಅಡಿಕೆ ಮರದ ಬುಡಕ್ಕೆ ಎಸೆಯುವ ಆ ದಪ್ಪ ಸಿಪ್ಪೆ ಅಲ್ಲಿ ಶರಬತ್ತೂ ಆಗುತ್ತದೆ, ಸಕ್ಕರೆಯಲ್ಲಿ ಅದ್ದಿ ಒಣಗಿಸಿದ ತಿನಿಸೂ ಆಗುತ್ತದೆ. ನಮ್ಮಲ್ಲೂ ಕೆಲವು ಮನೆಗಳ ಹೆಂಗಸರು ಅದರ ಉಪ್ಪಿನಕಾಯಿ ಹಾಕುವುದುಂಟು. ಆದರೆ ಅದು ಮಾರುವ ಪದಾರ್ಥವೆಂದು ಯಾರೂ ಎಣಿಸಿಲ್ಲ.

ಕವಳದ ಸಂಚಿ ಖಾಲಿ ಮಾಡಿಕೊಂಡು ಬಂದವರ ಪಾಡು ಇಷ್ಟು: ಊಟವಾದ ಮೇಲೆ ಅಂಗಡಿ ಅಂಗಡಿಗೂ ಹೋಗಿ ‘ಪಿನಾಂಗ್’ ಎಂದು ಕೇಳಿದರು. ಊರಿನ ಹೆಸರು ಕೇಳುತ್ತಿದ್ದಾರೆಂದು ತಿಳಿದು ಜನ ನಕ್ಕರು. ಅಡಿಕೆಯ ದ್ವೀಪದ ಆ ಬೆಟ್ಟದಲ್ಲಿ ಒಂದು ಹೋಳು ಅಡಿಕೆ ಸಿಗಲಿಲ್ಲ. ಹಿಂದೆ ಅಲ್ಲಿಯೂ ಎಲೆಯಡಿಕೆಯಿಲ್ಲದೆ ಮದುವೆ ಮಾತುಕತೆ ನಡೆಯುತ್ತಿರಲಿಲ್ಲ. ಈಗ ಅಡಿಕೆ ಬಾವುಟದಲ್ಲಿದೆ, ಬಾಯಲ್ಲಿಲ್ಲ. ಅಡಿಕೆಯು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯನ್ನು ನಾವು ಒಪ್ಪಲಿ ಬಿಡಲಿ, ಅದು ಇದೆ. ಒಂದು ಬೆಳೆಯ ಹೆಸರು ಉಳಿದು ಬಳಕೆ ಅಳಿಯಬಹುದೆಂಬುದನ್ನು ಕಣ್ಣಾರೆ ಕಂಡ ಮೇಲೆ, ತೋಟದ ಅಡಿಕೆಯ ನೆರಳಿನಲ್ಲಿ ಕಾಫಿ, ಮೆಣಸು, ಜಾಯಿಕಾಯಿ ಹಾಕಿಕೊಂಡವರೇ ಜಾಣರೆಂದು ನಮಗೆ ತೋರಿತು.

ಊರಿಗೆ ಬಂದ ವಾರದಲ್ಲಿ ನೆಂಟರನ್ನು ಕರೆದುಕೊಂಡು ನಮ್ಮ ಘಟ್ಟದ ಒಂದು ನೋಡುವ ಸ್ಥಳಕ್ಕೆ ಹೋಗಿದ್ದೆವು. ಹೆಸರು ಬೇಡ. ರಜೆಯ ದಿನ, ಸಾಲುಗಟ್ಟಿ ನಿಂತ ಕಾರುಗಳು, ಎರಡೂ ಕಡೆ ಹೂವಿಗೆ ಸಿದ್ಧವಾದ ಕಾಫಿ ತೋಟ. ಅಂಗಡಿಯಲ್ಲಿ ಕಾಫಿ ಕೇಳಿದರೆ ಚೀಟಿ ಹರಿದು ಪುಡಿ ಕಲಕಿ ಕೊಟ್ಟರು. ದೇಶದ ಕಾಫಿಯಲ್ಲಿ ಮುಕ್ಕಾಲಿಗೆ ಸಮೀಪದ ಪಾಲು ಬೆಳೆಯುವ ರಾಜ್ಯ ನಮ್ಮದು! ಅಂಗಡಿಯವನನ್ನು ಬೈಯುವ ಮುಂಚೆ ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಚೆರಿಯನ್ನೆಲ್ಲ ಅಂಗಳದಲ್ಲೇ ತೂಗಿ ಕೊಟ್ಟು, ಮರುದಿನ ಪೇಟೆಯಿಂದ ಚಿಕೋರಿ ಬೆರೆಸಿದ ಪುಡಿ ತರುವವರು ನಾವೇ ಅಲ್ಲವೆ? 1996ರ ಹೊತ್ತಿಗೆ ಪೂಲ್ ಪದ್ಧತಿ ಮುಗಿದು ಮಾರುವ ಸ್ವಾತಂತ್ರ್ಯ ಬಂತು. ಆ ಸ್ವಾತಂತ್ರ್ಯವನ್ನು ನಾವು ಬಳಸಿದ್ದು ತಕ್ಕಡಿಯವರೆಗೆ ಮಾತ್ರ, ಲೋಟದವರೆಗೆ ಹೋಗಲೇ ಇಲ್ಲ.

ಈ ಮಾತು ತೆಗೆದಾಗ ಸಂಗಡಿಗರೊಬ್ಬರು, “ತೋಟ ಮಾಡೋದು ಬಿಟ್ಟು ಹೋಟ್ಲು ಇಡೋದಾ ಕಾರ್ಯದರ್ಶಿಗಳೇ?” ಎಂದರು. ಹೋಟೆಲು ಬೇಡ. ಒಂದೇ ಪದಾರ್ಥದ ಒಂದು ಸಣ್ಣ ಅಂಗಡಿ ಸಾಕು. ಸದಸ್ಯರ ರೋಬಸ್ಟಾದಲ್ಲಿ ಎರಡು ಮೂಟೆ ಆರಿಸಿ, ಹದವಾಗಿ ಹುರಿದು, ಚಿಕೋರಿಯಿಲ್ಲದ ಕಾಫಿಯನ್ನು ಊರಿನ ಹೆಸರು ಹೇಳಿ ಕೊಡುವುದು. ಜೊತೆಗೆ ಕಾಲಕಾಲಕ್ಕೆ ಜಾಯಿಕಾಯಿ ಸಿಪ್ಪೆಯ ಶರಬತ್ತು. ಒಂದು ವರ್ಷ ನೋಡಿ, ನಷ್ಟವೆನಿಸಿದರೆ ಬಾಗಿಲು ಹಾಕುವುದು. 2024ರಲ್ಲಿ ರೋಬಸ್ಟಾ ಬೆಲೆ ನಾವು ಎಂದೂ ಕಾಣದ ಎತ್ತರಕ್ಕೇರಿತು. ಏರಿದ ಬೆಲೆ ಇಳಿದಾಗ ಆದ ಪಾಡನ್ನು 2001-02ರಲ್ಲಿ ಉಂಡವರೂ ನಾವೇ. ಕೈಯಲ್ಲಿ ನಾಲ್ಕು ಕಾಸಿರುವಾಗಲೇ ಇಂಥ ಕೆಲಸಕ್ಕೆ ಕೈ ಹಾಕಬೇಕು.

ಈ ವಿಷಯವನ್ನು ಬರುವ ಮಹಾಸಭೆಯಲ್ಲಿ ಮಂಡಿಸಲಿದ್ದೇವೆ. ಪರವಾಗಿರಲಿ, ವಿರೋಧವಾಗಿರಲಿ, ಸದಸ್ಯ ಬಾಂಧವರು ತಮ್ಮ ಅಭಿಪ್ರಾಯವನ್ನು ಸಂಘದ ಕಚೇರಿಗೆ ಮುಂಚಿತವಾಗಿ ಬರೆದು ತಿಳಿಸಬೇಕಾಗಿ ವಿನಂತಿ. ಕಚೇರಿಗೆ ಖುದ್ದಾಗಿ ಬಂದವರಿಗೆ ಒಂದು ಲೋಟ ಕಪ್ಪು ರೋಬಸ್ಟಾ ಕಾಯ್ದಿರಿಸಿದ್ದೇವೆ. ಸಕ್ಕರೆ ಅವರವರ ಇಷ್ಟ.