ರಬ್ಬರಿನ ಉಬ್ಬು, ಗುಂಡಿನ ವೇಗ

ಏರ್‌ಸಾಫ್ಟ್ ಮೈದಾನಕ್ಕೆ ಇಳಿಯುವ ಮುನ್ನ ಪ್ರತಿ ಆಟಗಾರನ ಗನ್ನೂ ಒಂದು ಪುಟ್ಟ ಯಂತ್ರದ ಎದುರು ಪರೀಕ್ಷೆಗೆ ನಿಲ್ಲಬೇಕು. ಯಂತ್ರದ ಹೆಸರು ಕ್ರೋನೋಗ್ರಾಫ್. ಪ್ಲಾಸ್ಟಿಕ್ ಗುಂಡು ಎರಡು ಸೆನ್ಸರ್‌ಗಳನ್ನು ದಾಟಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದು ಅದು ವೇಗವನ್ನು ಹೇಳುತ್ತದೆ. ಅಂಕಿ ಮಿತಿ ಮೀರಿದರೆ ಆ ಗನ್ನಿಗೆ ಅಂದು ಆಟವಿಲ್ಲ. ಆದರೆ ಗನ್ ಅದೇ, ಸ್ಪ್ರಿಂಗ್ ಅದೇ, ಗುಂಡೂ ಅದೇ ಪೊಟ್ಟಣದ್ದು ಆಗಿದ್ದರೂ ಹಾಪ್-ಅಪ್ ಎಂಬ ಚಿಕ್ಕ ಚಕ್ರವನ್ನು ನಾಲ್ಕು ಹಲ್ಲು ತಿರುಗಿಸಿದರೆ ಕ್ರೋನೋ ಬೇರೆ ಅಂಕಿ ತೋರಿಸಬಹುದು.

ಈ ಆಟ ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿ ಜನಸಾಮಾನ್ಯರ ಕೈಗೆ ನಿಜವಾದ ಬಂದೂಕು ಸಿಗುವುದು ಬಹಳ ಕಷ್ಟ. ಹಾಗಾಗಿ 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟಿಕೆ ಗನ್ನುಗಳು ಜನಪ್ರಿಯವಾದವು. 1991ರಲ್ಲಿ ಟೋಕಿಯೋ ಮಾರುಯಿ ಕಂಪನಿ ಫಾಮಾಸ್ ರೈಫಲ್ಲಿನ ರೂಪದಲ್ಲಿ ಬ್ಯಾಟರಿಯಿಂದ ಓಡುವ ಗನ್ ತಂದ ಮೇಲೆ ಆಟದ ಚಹರೆಯೇ ಬದಲಾಯಿತು.

ಈ ಗುಂಡಿನ ದೊಡ್ಡ ಶತ್ರು ಗುರುತ್ವಾಕರ್ಷಣೆಗಿಂತಲೂ ಗಾಳಿ. 0.20 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟ ಕ್ಷಣದಲ್ಲಿ ಗಾಳಿ ಅದನ್ನು ತಡೆಯುವ ಬಲ ಅದರ ತೂಕದ 30 ಪಟ್ಟಿಗೂ ಹೆಚ್ಚು. ಸುಮಾರು 20 ಮೀಟರ್ ಸಾಗುವಷ್ಟರಲ್ಲಿ ವೇಗ ಅರ್ಧಕ್ಕೆ ಇಳಿದಿರುತ್ತದೆ. ಭುಜದ ಎತ್ತರದಿಂದ ನೆಟ್ಟಗೆ ಹೊಡೆದರೆ 30 ಮೀಟರಿನ ಆಸುಪಾಸಿನಲ್ಲಿ ನೆಲ ಕಚ್ಚುತ್ತದೆ. ಸ್ಪ್ರಿಂಗ್ ಬಲ ಹೆಚ್ಚಿಸಿ ದೂರ ಗಳಿಸೋಣವೆಂದರೆ ಎದುರಾಳಿಗೆ ಗಾಯವಾಗುವ ಅಪಾಯ. ವೇಗ ಏರಿಸದೆ ದೂರ ಏರಿಸುವ ದಾರಿ ಹಾಪ್-ಅಪ್.

ಗನ್ನಿನ ನಳಿಕೆಯ ಹಿಂತುದಿಗೆ ಮೆತ್ತನೆಯ ರಬ್ಬರ್ ಕೊಳವೆಯೊಂದನ್ನು ತೊಡಿಸಿರುತ್ತಾರೆ. ಅದರ ಮೇಲ್ಭಾಗದ ಒಳಗಡೆ ಸಣ್ಣ ಉಬ್ಬು. ಚಕ್ರ ತಿರುಗಿಸಿದಾಗ ಒಂದು ಪುಟ್ಟ ತೋಳು ಆ ಉಬ್ಬನ್ನು ಕೆಳಕ್ಕೆ ಒತ್ತುತ್ತದೆ. ಗುಂಡಿನ ವ್ಯಾಸ ಸುಮಾರು 5.95 ಮಿಲಿಮೀಟರ್, ನಳಿಕೆಯ ಒಳವ್ಯಾಸ ಸಾಮಾನ್ಯವಾಗಿ 6.03ರಿಂದ 6.08, ಇಷ್ಟು ಕಿರಿದಾದ ಜಾಗದಲ್ಲಿ ಉಬ್ಬು ಕೂದಲೆಳೆಯಷ್ಟು ಇಳಿದರೂ ಗುಂಡಿಗೆ ತಟ್ಟುತ್ತದೆ. ಹೊರಡುವ ಗುಂಡಿನ ನೆತ್ತಿಯನ್ನು ರಬ್ಬರ್ ಹಿಡಿದು ಉಜ್ಜುತ್ತದೆ, ಬುಡ ಮುಂದೋಡುತ್ತದೆ. ಗುಂಡು ಹಿಮ್ಮುಖವಾಗಿ ಗಿರಗಿರನೆ ತಿರುಗುತ್ತಾ ಹೊರಬೀಳುತ್ತದೆ. ಅನಿಲ್ ಕುಂಬ್ಳೆಯ ಫ್ಲಿಪ್ಪರ್ ಎಸೆತ ನೆನಪಿರುವವರಿಗೆ ಈ ತಿರುಗು ಹೊಸತಲ್ಲ. ತಿರುಗುವ ಗೋಲವನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆಂದು 1742ರಲ್ಲೇ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಬರೆದಿದ್ದರು. ಆದರೆ ಹೆಸರು ನಿಂತದ್ದು 1852ರಲ್ಲಿ ಇದನ್ನು ಪ್ರಯೋಗಕ್ಕೆ ಒಳಪಡಿಸಿದ ಬರ್ಲಿನ್ನಿನ ಹೈನ್ರಿಷ್ ಗುಸ್ಟಾವ್ ಮ್ಯಾಗ್ನಸ್ ಅವರದು. ಹಿಮ್ಮುಖ ತಿರುಗಿದ್ದರೆ ಆ ತಳ್ಳು ಮೇಲ್ಮುಖವಾಗುತ್ತದೆ, ಗುಂಡು ಇನ್ನಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ.

ಈ ತಿರುಗು ಪುಕ್ಕಟೆ ಬರುವುದಿಲ್ಲ. ಉಜ್ಜಾಟದಲ್ಲಿ ಶಕ್ತಿಯ ಒಂದು ಪಾಲು ಬಿಸಿಯಾಗಿ ಹೋಗುತ್ತದೆ, ಇನ್ನೊಂದು ಪಾಲು ಮುನ್ನುಗ್ಗುವ ಬದಲು ತಿರುಗುವುದಕ್ಕೆ ವ್ಯಯವಾಗುತ್ತದೆ. ಹಾಗಾಗಿ ಹಾಪ್ ಬಿಗಿ ಮಾಡುತ್ತಾ ಹೋದಂತೆ ಕ್ರೋನೋ ಅಂಕಿ ಇಳಿಯುವುದು ಸಹಜ. ಪೂರ್ತಿ ಬಿಗಿ ಮಾಡಿದರೆ ಗುಂಡು ನಳಿಕೆಯಲ್ಲೇ ಸಿಕ್ಕಿಕೊಳ್ಳಲೂಬಹುದು.

ಆದರೆ ಹಾಪನ್ನು ಪೂರ್ತಿ ಸಡಿಲ ಬಿಟ್ಟಾಗ ಸಿಗುವ ವೇಗವೇ ಗರಿಷ್ಠ ಎಂದುಕೊಳ್ಳುವಂತಿಲ್ಲ. ಉಬ್ಬಿನ ಆಸರೆ ಇಲ್ಲದ ಗುಂಡು ಸರಿಯಾದ ಜಾಗದಲ್ಲಿ ಕೂರದೆ ಮುಂದಕ್ಕೆ ಜಾರಬಹುದು, ಪಕ್ಕದಿಂದ ಗಾಳಿ ಸೋರಬಹುದು. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ಅಂಕಿ ಏರುಪೇರಾಗುತ್ತದೆ. ಹಾಪನ್ನು ತುಸು ಬಿಗಿ ಮಾಡಿದರೆ ಒತ್ತಡ ಕೂಡುವವರೆಗೆ ರಬ್ಬರ್ ಗುಂಡನ್ನು ಹಿಡಿದಿಡುತ್ತದೆ. ಅಂಕಿ ಸ್ಥಿರವಾಗುತ್ತದೆ, ಕೆಲವು ಗನ್ನುಗಳಲ್ಲಿ ಸ್ವಲ್ಪ ಏರುವುದೂ ಉಂಟು. ಗ್ಯಾಸ್ ಗನ್ನುಗಳಲ್ಲಿ ಗುಂಡಿನ ತೂಕವೂ ಲೆಕ್ಕಕ್ಕೆ ಬರುತ್ತದೆ. ಗುಂಡು ನಳಿಕೆಯೊಳಗಿರುವಷ್ಟು ಹೊತ್ತೂ ಗ್ಯಾಸ್ ಅದನ್ನು ನೂಕುತ್ತಲೇ ಇರುತ್ತದೆ. ನಿಧಾನವಾಗಿ ಕದಲುವ ಭಾರದ ಗುಂಡಿಗೆ ಆ ನೂಕು ಹೆಚ್ಚು ಹೊತ್ತು ಸಿಗುವುದರಿಂದ, ವೇಗ ಕಡಿಮೆ ಕಂಡರೂ ಅದು ಹೊತ್ತೊಯ್ಯುವ ಶಕ್ತಿ ಹಗುರ ಗುಂಡಿಗಿಂತ ಜಾಸ್ತಿಯಾಗಬಹುದು. ಆಟಗಾರರು ಇದನ್ನು ಜೂಲ್ ಕ್ರೀಪ್ ಎನ್ನುತ್ತಾರೆ.

ಕಾನೂನು ನೋಡುವುದು ಆ ಶಕ್ತಿಯನ್ನೇ. ಜಪಾನ್ 2006ರ ತಿದ್ದುಪಡಿಯಲ್ಲಿ 6 ಮಿಲಿಮೀಟರ್ ಗುಂಡಿಗೆ ಹಾಕಿದ ಮಿತಿ ಸುಮಾರು 0.98 ಜೂಲ್. ಬ್ರಿಟನ್ 2017ರಲ್ಲಿ ಸತತವಾಗಿ ಸಿಡಿಯುವ ಗನ್ನಿಗೆ 1.3 ಜೂಲ್, ಒಂದೊಂದೇ ಗುಂಡು ಹಾರಿಸುವ ಗನ್ನಿಗೆ 2.5 ಜೂಲ್ ನಿಗದಿ ಮಾಡಿತು. ಕ್ರೋನೋ 350 ಎಫ್‌ಪಿಎಸ್, ಅಂದರೆ ಸೆಕೆಂಡಿಗೆ 350 ಅಡಿ ತೋರಿಸಿತು ಎನ್ನೋಣ. ಗುಂಡು 0.20 ಗ್ರಾಂ ಆಗಿದ್ದರೆ ಶಕ್ತಿ ಸುಮಾರು 1.14 ಜೂಲ್, ಬ್ರಿಟನ್ನಿನ ಮಿತಿಯೊಳಗೆ. ಅದೇ ಅಂಕಿ 0.28 ಗ್ರಾಂ ಗುಂಡಿನಿಂದ ಬಂದಿದ್ದರೆ 1.59 ಜೂಲ್, ಸತತ ಸಿಡಿತದ ಗನ್ನಿಗೆ ಬ್ರಿಟನ್ನಿನಲ್ಲಿ ಅನುಮತಿಯೇ ಇಲ್ಲ. ಗುಂಡಿನ ತೂಕ ಕೇಳದೆ ವೇಗವನ್ನಷ್ಟೇ ಬರೆದುಕೊಂಡ ತಪಾಸಣೆಗೆ ಬೆಲೆಯಿಲ್ಲ.

ಕ್ರೋನೋ ಮುಂದೆ ಹಾಪನ್ನು ಬಿಗಿ ಮಾಡಿ ಅಂಕಿ ಇಳಿಸಿ, ಮೈದಾನಕ್ಕೆ ಹೋದ ಮೇಲೆ ಸಡಿಲಿಸುವವರೂ ಇದ್ದಾರೆ. ಇದನ್ನು ಜಾಣತನವೆಂದು ಬೆನ್ನು ತಟ್ಟುವುದು ತಪ್ಪು. ಆ ಗುಂಡು ತಗಲುವುದು ಎದುರಿನವರ ಕೆನ್ನೆಗೆ, ಹಲ್ಲಿಗೆ. ಮೊದಲು ಆ ದಿನ ಬಳಸುವ ತೂಕದ ಗುಂಡು ತುಂಬಿ, ದೂರಕ್ಕೆ ಹೊಡೆಯುತ್ತಾ ಹಾಪ್ ಹದಗೊಳಿಸಿ, ಆಮೇಲೆ ಕ್ರೋನೋಗೆ ಬರುವುದು ಸರಿಯಾದ ಕ್ರಮ. ಗುಂಡು ಬೇಗ ಕೆಳಗಿಳಿದರೆ ಹಾಪ್ ಸಾಲದು. ನಡುದಾರಿಯಲ್ಲಿ ಆಕಾಶಕ್ಕೆ ಏರಿದರೆ ಅತಿಯಾಗಿದೆ. ಬಹುದೂರ ಸಮತಟ್ಟಾಗಿ ಸಾಗಿ ಕೊನೆಯಲ್ಲಿ ತುಸು ಎದ್ದು ಇಳಿದರೆ ಹದ ಸಿಕ್ಕಂತೆ. ಭಾರದ ಗುಂಡಿಗೆ ಹೆಚ್ಚು ಹಾಪ್ ಬೇಕು, ಆದ್ದರಿಂದ ಮಧ್ಯಾಹ್ನ ಗುಂಡಿನ ತೂಕ ಬದಲಿಸಿದವರು ಎರಡನ್ನೂ ಮತ್ತೆ ಮಾಡಬೇಕು.

ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಳಿಯಲ್ಲಿ ರಬ್ಬರ್ ಗಡುಸಾಗುತ್ತದೆ, ಗ್ಯಾಸಿನ ಒತ್ತಡ ಕುಸಿಯುತ್ತದೆ. ಬೆಳಗಿನ ಥಂಡಿಯಲ್ಲಿ ಮಿತಿಯೊಳಗಿದ್ದ ಗ್ಯಾಸ್ ಗನ್ ಬಿಸಿಲೇರಿದ ಮೇಲೆ ಮಿತಿ ದಾಟಬಹುದು. ಗ್ಯಾಸಿನ ಜೊತೆ ಬರುವ ಸಿಲಿಕೋನ್ ಎಣ್ಣೆ ಉಬ್ಬಿನ ಮೇಲೆ ಕೂತರೆ ಹಿಡಿತ ತಪ್ಪಿ ಗುಂಡು ತಿರುಗದೆ ಜಾರುತ್ತದೆ. ಆಗ ಚಕ್ರ ತಿರುಗಿಸುವುದಲ್ಲ, ನಳಿಕೆ ಒರೆಸಿ, ಎಣ್ಣೆ ಹೋಗುವವರೆಗೆ ಒಂದಷ್ಟು ಗುಂಡು ಹಾರಿಸಿ, ಕ್ರೋನೋ ಮುಂದೆ ಮತ್ತೆ ನಿಲ್ಲಬೇಕು.