ಉಕ್ಕಿದ ಪಾತ್ರೆಯಿಂದ ಬಂದ ಬಿಳಿ ಸಾರು

ಜಪಾನಿನ ಕ್ಯೂಷು ದ್ವೀಪದಲ್ಲಿ ಕುರುಮೆ ಎಂಬ ಊರಿದೆ. 1945ರ ಆಗಸ್ಟ್ 11ರಂದು, ಯುದ್ಧ ಮುಗಿಯಲು ನಾಲ್ಕು ದಿನ ಇರುವಾಗ, ಅಮೆರಿಕದ ವಿಮಾನಗಳು ಈ ಊರಿನ ಮೇಲೆ ಬಾಂಬು ಸುರಿದವು. ಅದಾಗಿ ಎರಡು ವರ್ಷಕ್ಕೆ, ಊರು ಇನ್ನೂ ಚೇತರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಸುಗಿನೊ ಕತ್ಸುಮಿ ಎಂಬಾತ ಅಲ್ಲಿ ಒಂದು ತಳ್ಳುಗಾಡಿ ಅಂಗಡಿ ತೆರೆದ. ಇಂಥ ಗಾಡಿಗೆ ಅಲ್ಲಿನವರು ಯತಾಯಿ ಎನ್ನುತ್ತಾರೆ. ಅಂಗಡಿಯ ಹೆಸರು ಸಾಂಕ್ಯು. ಮಾರುತ್ತಿದ್ದುದು ಹಂದಿ ಮೂಳೆಯ ಸಾರಿನಲ್ಲಿ ಹಾಕಿದ ರಾಮೆನ್ ಎಂಬ ನೂಡಲ್ಸ್. ಸಾರನ್ನು ಸಣ್ಣ ಉರಿಯಲ್ಲಿಟ್ಟು, ಮೇಲೆ ಬಂದ ನೊರೆ ತೆಗೆಯುತ್ತಾ, ತಳ ಕಾಣುವಷ್ಟು ತಿಳಿಯಾಗಿ ಉಳಿಸಿಕೊಳ್ಳುವುದು ಆಗಿನ ಪದ್ಧತಿ.

ಮುಂದಿನದು ಕುರುಮೆಯಲ್ಲಿ ಎಲ್ಲರೂ ಹೇಳುವ ಕತೆ. ಒಂದು ದಿನ ಸುಗಿನೊ ಪಾತ್ರೆ ನೋಡಿಕೊಳ್ಳಲು ತಾಯಿಗೆ ಹೇಳಿ ಸಾಮಾನು ತರಲು ಹೋದ. ಬರುವುದು ತಡವಾಯಿತು. ಬಂದು ನೋಡಿದರೆ ಉರಿ ಜೋರಾಗಿ ಪಾತ್ರೆ ಕೊತಕೊತ ಕುದಿಯುತ್ತಿದೆ, ಸಾರು ಬೆಳ್ಳಗೆ ಕದಡಿ ಹೋಗಿದೆ. ಕಸುಬಿನ ಲೆಕ್ಕದಲ್ಲಿ ಅದು ಕೆಟ್ಟ ಸಾರು, ಗಿರಾಕಿಯ ಮುಂದೆ ಇಡುವಂಥದ್ದಲ್ಲ. ಆದರೆ ಆ ಕಾಲದಲ್ಲಿ ಒಂದು ಹಂಡೆ ಸಾರು ಚೆಲ್ಲುವುದೆಂದರೆ ಒಂದು ದಿನದ ದುಡಿಮೆಯನ್ನೇ ಚೆಲ್ಲಿದಂತೆ. ಸುಗಿನೊ ಅದಕ್ಕೆ ಮಸಾಲೆ ಸೇರಿಸಿ ರುಚಿ ನೋಡಿದ. ತಿಳಿ ಸಾರಿನಲ್ಲಿ ಎಂದೂ ಸಿಗದ ಗಟ್ಟಿತನ, ನಾಲಿಗೆಯ ಮೇಲೆ ನಿಲ್ಲುವ ಸಿಹಿ ಅದರಲ್ಲಿತ್ತು. ಆಮೇಲೆ ಬೇಕೆಂದೇ ಉರಿ ಹೆಚ್ಚಿಸಿ ಕುದಿಸತೊಡಗಿದ. ಇಂದು ಟೊಂಕೊತ್ಸು, ಅಂದರೆ ಹಂದಿ ಮೂಳೆಯ, ರಾಮೆನ್ ಎಂದ ಕೂಡಲೇ ಕಣ್ಣಿಗೆ ಬರುವ ಬಿಳಿ ಸಾರು ಹೀಗೆ ಬಂತು.

ಕುರುಮೆಯಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಫುಕುಒಕಾ ಈಗ ಈ ರಾಮೆನ್‌ನ ರಾಜಧಾನಿ. ಅಲ್ಲಿ ಒಳ್ಳೆಯ ರಾಮೆನ್ ಎಲ್ಲಿ ಸಿಗುತ್ತದೆ ಎಂದು ಕೇಳುವವರು ಬಹಳ. ಹೆಸರಾದ ಅಂಗಡಿಗಳ ಪಟ್ಟಿಗಳಿಗೂ ಕೊರತೆಯಿಲ್ಲ. ನನ್ನ ಉತ್ತರವೇ ಬೇರೆ. ಈ ಅಡುಗೆ ಒಬ್ಬರ ಕೈಯಲ್ಲಿ, ಒಂದೇ ದಿನದಲ್ಲಿ ಆದದ್ದಲ್ಲ. ಮೂಳೆ ಒಬ್ಬರಿಂದ ಬಂತು, ಬಿಳುಪು ಇನ್ನೊಬ್ಬರಿಂದ, ತೆಳ್ಳನೆಯ ನೂಡಲ್ಸ್ ಮೀನು ಮಾರುಕಟ್ಟೆಯ ಕೂಲಿಕಾರರಿಂದ. ಈ ಒಂದೊಂದು ಹಂತವನ್ನೂ ಇಂದಿಗೂ ಬಡಿಸುವ ಅಂಗಡಿಗಳಿವೆ. ಅಡುಗೆ ಸಿದ್ಧವಾದ ಕ್ರಮದಲ್ಲೇ ಉಂಡರೆ ರುಚಿಯ ಜೊತೆಗೆ ಅದರ ಕಾರಣವೂ ತಿಳಿಯುತ್ತದೆ.

ಮೊದಲ ಹೆಜ್ಜೆ 1937ರದು. ಮಿಯಾಮೊತೊ ತೊಕಿಒ ನಾಗಸಾಕಿ ಕಡೆಯವನು. ಆ ಹೊತ್ತಿಗೆ ಟೋಕಿಯೊ, ಯೊಕೊಹಾಮಾಗಳಲ್ಲಿ ಚೀನೀ ನೂಡಲ್ಸ್‌ಗೆ ಒಳ್ಳೆಯ ಬೇಡಿಕೆಯಿತ್ತು. ನಾಗಸಾಕಿಯಲ್ಲಿ ಚಾಂಪೊನ್ ಎಂಬ ಊಟ ಮೊದಲಿನಿಂದಲೂ ಇತ್ತು, ಅದರ ಸಾರಿಗೆ ಹಂದಿ ಮೂಳೆ ಹಾಕುವ ರೂಢಿ. ಮಿಯಾಮೊತೊ ಎರಡನ್ನೂ ಕೂಡಿಸಿದ: ಯೊಕೊಹಾಮಾದ ನೂಡಲ್ಸ್, ನಾಗಸಾಕಿಯ ಮೂಳೆ ಸಾರು. ಕುರುಮೆಯ ರೈಲು ನಿಲ್ದಾಣದ ಮುಂದೆ 'ನಾನ್‌ಕಿನ್ ಸೆನ್‌ರ್ಯೊ' ಎಂಬ ಯತಾಯಿ ಹೂಡಿದ. ಮೂಳೆ ಅಗ್ಗದ ಸರಕು, ಗಾಡಿ ವ್ಯಾಪಾರಿಗೆ ಅದು ಕೈಗೆಟಕುತ್ತಿತ್ತು. ಅವನ ಸಾರು ಬೆಳ್ಳಗಿರಲಿಲ್ಲ, ಟೊಂಕೊತ್ಸು ರಾಮೆನ್‌ನ ಮೊದಲ ಹತ್ತು ವರ್ಷ ಸಾರು ತಿಳಿಯಾಗಿಯೇ ಇತ್ತು. ನಾನ್‌ಕಿನ್ ಸೆನ್‌ರ್ಯೊ ಇಂದಿಗೂ ಕುರುಮೆಯಲ್ಲಿದೆ, ಅದರ ಸಾರು ಊರಿನ ಉಳಿದ ಅಂಗಡಿಗಳ ಸಾರಿಗಿಂತ ಹಗುರ.

ಮಿಯಾಮೊತೊನದೂ ಸುಗಿನೊನದೂ ಅದೇ ಮೂಳೆ, ಅದೇ ನೀರು, ಉರಿಯ ಅಳತೆ ಮಾತ್ರ ಬೇರೆ. ಅಷ್ಟಕ್ಕೇ ಸಾರು ಇಷ್ಟು ಬದಲಾಗುವುದು ಹೇಗೆ? ಮೂಳೆ, ಚರ್ಮ, ಕೀಲುಗಳಲ್ಲಿ ಕೊಲಾಜೆನ್ ಎಂಬ ಪ್ರೋಟೀನ್ ಇರುತ್ತದೆ. ಬಹಳ ಹೊತ್ತು ಬೆಂದರೆ ಅದು ಜೆಲಟಿನ್ ಆಗಿ ನೀರಿಗಿಳಿಯುತ್ತದೆ. ಮಜ್ಜೆಯಿಂದ, ಮೂಳೆಗಂಟಿದ ಮಾಂಸದಿಂದ ಕೊಬ್ಬು ಹೊರಬರುತ್ತದೆ. ಉರಿ ಸಣ್ಣದಿದ್ದರೆ ಕೊಬ್ಬು ತೇಲಿ ಮೇಲೆ ನಿಲ್ಲುತ್ತದೆ, ಅದನ್ನು ತೆಗೆದರೆ ಕೆಳಗೆ ತಿಳಿ ಸಾರು. ಉರಿ ಜೋರಾದರೆ ನೀರಿನ ಹೊಯ್ದಾಟಕ್ಕೆ ಸಿಕ್ಕ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಜೆಲಟಿನ್ ಒಂದೊಂದು ಹನಿಯ ಸುತ್ತಲೂ ಪೊರೆಯಂತೆ ಹರಡಿಕೊಂಡು, ಅವು ಮತ್ತೆ ಕೂಡಿ ತೇಲದಂತೆ ತಡೆಯುತ್ತದೆ. ಈ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಸಾರು ಬೆಳ್ಳಗೆ ಕಾಣುತ್ತದೆ. ಹಾಲು ಬೆಳ್ಳಗಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಟೊಂಕೊತ್ಸು ಸಾರಿನ ಈ ಬಿಳುಪಿಗೆ ಹಾಲು ಹಾಕಬೇಕಿಲ್ಲ. ಉಂಡ ಮೇಲೆ ತುಟಿಗೆ ತುಟಿ ಅಂಟುವುದು ಜೆಲಟಿನ್‌ನ ಗುಣ. ಇದೇ ಸಾರು ತಣ್ಣಗಾದರೆ ಪಾತ್ರೆಯಲ್ಲಿ ಗಟ್ಟಿಯಾಗಿ ಕೂರುತ್ತದೆ.

ಹಾಗಾಗಿ ಉಕ್ಕಿದ ಪಾತ್ರೆಯ ಕತೆಯನ್ನು ನಂಬಲು ಅಡ್ಡಿಯೇನಿಲ್ಲ. ಉರಿ ಜೋರಾಗಿ ಹೊತ್ತು ಕಳೆದರೆ ಮೂಳೆ ಸಾರು ಬೆಳ್ಳಗಾಗಲೇಬೇಕು. ಎಷ್ಟೋ ಅಡುಗೆಮನೆಗಳಲ್ಲಿ ಎಷ್ಟೋ ಸಲ ಹೀಗಾಗಿರಬೇಕು. ಅದಕ್ಕೊಂದು ಬೆಲೆ ಕಟ್ಟಿ, ಮರುದಿನವೂ ಹಾಗೆಯೇ ಮಾಡಲು ಕಲಿತದ್ದು ಸುಗಿನೊನ ಕೊಡುಗೆ. ಆವಿಷ್ಕಾರ ಎನ್ನುವ ಮಾತು ಅಲ್ಲಿಗೆ ಸಲ್ಲುತ್ತದೆ.

ಫುಕುಒಕಾದ ಹಕಾತಾ ಭಾಗದವರು ಬಿಳಿ ಸಾರಿನ ಹುಟ್ಟಿಗೆ ಬೇರೆಯೇ ಕತೆ ಹೇಳುತ್ತಾರೆ. ಯುದ್ಧಕಾಲದಲ್ಲಿ ಮಂಚೂರಿಯಾದಲ್ಲಿದ್ದ ತ್ಸುದಾ ಶಿಗೆರು ಅಲ್ಲಿ ಹಂದಿ ಮೂಳೆಯ ಸಾರಿನ ರುಚಿ ಕಂಡಿದ್ದನಂತೆ. ಊರಿಗೆ ಮರಳಿದ ಮೇಲೆ ಅದನ್ನೇ ನೆನೆದು, 1946ರಲ್ಲಿ 'ಆಕಾನೊರೆನ್' ಎಂಬ ಯತಾಯಿ ತೆರೆದ. ಎರಡು ಊರುಗಳೂ ತಮ್ಮ ತಮ್ಮ ಹಿರಿಯನನ್ನು ಮೆರೆಸುತ್ತವೆ. ಒಂದೆರಡು ವರ್ಷದ ಅಂತರದಲ್ಲಿ, ಹತ್ತಿರದಲ್ಲಿದ್ದ ಎರಡು ಊರುಗಳಲ್ಲಿ ಇದು ನಡೆಯಿತೆಂದರೆ ಕಾಲವೇ ಅದನ್ನು ಬೇಡುತ್ತಿತ್ತು ಎನ್ನಬೇಕು. ಹೊಟ್ಟೆ ತುಂಬುವ ಗಟ್ಟಿ ಸಾರು ಅಗ್ಗದಲ್ಲಿ ಬೇಕಿತ್ತು, ಅದನ್ನು ಕೊಡುವ ಸರಕು ಮೂಳೆಯಾಗಿತ್ತು.

ಬಿಳಿ ಸಾರು ಕುರುಮೆಯಲ್ಲೇ ನಿಲ್ಲಲಿಲ್ಲ. ಸುಗಿನೊ ಸಾಂಕ್ಯುವನ್ನು ಬೇರೊಬ್ಬರಿಗೆ ವಹಿಸಿ ಕೊಕುರಾ ಎಂಬ ಊರಿಗೆ ಹೊರಟ. ವಹಿಸಿಕೊಂಡವರು 1952ರಲ್ಲಿ ಕುಮಾಮೊತೊ ಪ್ರಾಂತ್ಯದ ತಮಾನಾದಲ್ಲಿ ಅಂಗಡಿ ತೆರೆದರು. ಅಲ್ಲಿ ಉಂಡವರು ಕುಮಾಮೊತೊ ನಗರಕ್ಕೆ ಮರಳಿ ತಮ್ಮದೇ ಅಂಗಡಿಗಳನ್ನು ಕಟ್ಟಿದರು. ಹಂದಿ ಸಾರಿನ ವಾಸನೆ ಒಗ್ಗದ ಗಿರಾಕಿಗಳಿಗಾಗಿ ಹುರಿದ ಬೆಳ್ಳುಳ್ಳಿ ಸೇರಿತು. ಬೆಳ್ಳುಳ್ಳಿಯನ್ನು ಕಪ್ಪಾಗುವವರೆಗೆ ಹುರಿದು ತೆಗೆದ ಎಣ್ಣೆ ಆ ನಗರದ ರಾಮೆನ್‌ನ ಗುರುತಾಯಿತು. ಸಾರು ಒಂದೊಂದು ಊರು ದಾಟುವಾಗಲೂ ಅಲ್ಲಿನವರು ಅದಕ್ಕೆ ತಮ್ಮದೊಂದನ್ನು ಸೇರಿಸಿದರು.

ಫುಕುಒಕಾ ಸೇರಿಸಿದ್ದು ವೇಗ. 1955ರಲ್ಲಿ ನಗರದ ಮೀನು ಮಾರುಕಟ್ಟೆ ನಾಗಹಾಮಾಗೆ ಬಂತು. ಬೆಳಗಿನ ಜಾವದ ಹರಾಜು, ಮಂಜುಗಡ್ಡೆ, ಹೊರೆ, ಕೂಗಾಟ. ನಡುವೆ ಸಿಕ್ಕ ಐದು ನಿಮಿಷದಲ್ಲಿ ಉಂಡು ಓಡಬೇಕಾದ ಜನ. ದಪ್ಪ ನೂಡಲ್ಸ್ ಬೇಯುವವರೆಗೆ ಕಾಯುವ ಪುರುಸೊತ್ತು ಅವರಿಗಿರಲಿಲ್ಲ. 'ಗಾನ್ಸೊ ನಾಗಹಾಮಾಯಾ' ಮತ್ತು ಸುತ್ತಲಿನ ಯತಾಯಿಗಳು ನೂಡಲ್ಸನ್ನು ತೆಳ್ಳಗೆ ಮಾಡಿದವು. ನೀರು ಕಡಿಮೆ ಹಾಕಿ ಕಲಸಿದ ಹಿಟ್ಟಿನ ಈ ನೇರ ಎಳೆ ಕುದಿನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಬೇಯುತ್ತದೆ.

ಆದರೆ ಈ ಎಳೆಗೆ ಒಂದು ತೊಡಕಿದೆ. ಒಣ ಹಿಟ್ಟಿನದಾದ್ದರಿಂದ ಸಾರನ್ನು ಬೇಗ ಹೀರಿಕೊಂಡು ಮೆತ್ತಗಾಗುತ್ತದೆ. ಹಸಿದವನಿಗೆಂದು ಬೋಗುಣಿ ತುಂಬಾ ಹಾಕಿಕೊಟ್ಟರೆ ಕೊನೆಯ ತುತ್ತು ಮುದ್ದೆಯಾಗಿರುತ್ತದೆ. ಪರಿಹಾರ ನಾಗಹಾಮಾದಲ್ಲೇ ಸಿಕ್ಕಿತು: ಮೊದಲು ಸ್ವಲ್ಪವೇ ಹಾಕು, ಬೇಕೆಂದವರಿಗೆ ಆಮೇಲೆ ಮತ್ತೆ ಬೇಯಿಸಿ ಕೊಡು. ಇದೇ ಕಾಯೆದಾಮಾ. ಗಿರಾಕಿ ಸಾರು ಉಳಿಸಿಕೊಂಡು 'ಕಾಯೆದಾಮಾ' ಎಂದರೆ ಸಾಕು, ಬೆಂದ ನೂಡಲ್ಸಿನ ಇನ್ನೊಂದು ಉಂಡೆ ಅವನ ಬೋಗುಣಿಗೆ ಬೀಳುತ್ತದೆ. ಸಾರು ಸಪ್ಪೆಯಾಯಿತೆನಿಸಿದರೆ ಮೇಜಿನ ಮೇಲಿನ ಸೋಯಾ ಮಿಶ್ರಣ ಸ್ವಲ್ಪ ಸುರಿದುಕೊಳ್ಳಬಹುದು. ಎಳೆ ಎಷ್ಟು ಬೇಯಬೇಕೆಂದು ಮೊದಲೇ ಹೇಳುವ ರೂಢಿಯೂ ಇಲ್ಲಿದೆ. ಗಟ್ಟಿ ಬೇಕಾದವರು 'ಕಾತಾ', ಇನ್ನೂ ಗಟ್ಟಿ ಬೇಕಾದವರು 'ಬಾರಿಕಾತಾ' ಎನ್ನುತ್ತಾರೆ. ಗಾನ್ಸೊ ನಾಗಹಾಮಾಯಾ ಈಗ ಗಾಡಿಯಲ್ಲ, ಅಂಗಡಿ. ಆದರೂ ಅಲ್ಲಿ ಊಟವೆಂದರೆ ರಾಮೆನ್ ಒಂದೇ, ಅದಕ್ಕೆ ಬೇಕಾದರೆ ಹೆಚ್ಚುವರಿ ನೂಡಲ್ಸ್, ಹೆಚ್ಚುವರಿ ಮಾಂಸ. ಬೆಳಿಗ್ಗೆ ಬೇಗ ತೆರೆಯುತ್ತದೆ. ಕೂತ ಕೆಲವೇ ಕ್ಷಣಗಳಲ್ಲಿ ಬೋಗುಣಿ ಎದುರಿಗೆ ಬರುತ್ತದೆ.

ಕುರುಮೆಯ ಇನ್ನೊಂದು ಜಾಣ್ಮೆಯನ್ನು ಹೇಳದೆ ಮುಂದೆ ಹೋಗಲಾಗದು. 1953ರಲ್ಲಿ ಯತಾಯಿಯಾಗಿ ಹುಟ್ಟಿದ 'ತೈಹೊ ರಾಮೆನ್' ತನ್ನ ಹಂಡೆಯನ್ನು ಬರಿದು ಮಾಡುವುದಿಲ್ಲ. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವಂತೆ, ಹಳೆಯ ಸಾರು ಉಳಿದಿರುವಾಗಲೇ ಹೊಸ ಮೂಳೆ, ಹೊಸ ಸಾರು ಸೇರಿಸುತ್ತಾ ಹೋಗುತ್ತದೆ. ಈ ಪದ್ಧತಿಗೆ ಯೊಬಿಮೊದೊಶಿ ಎಂದು ಹೆಸರು. ಬೆಂದು ಬೆಂದು ಕರಗಿದ ಮೂಳೆಯ ಆಳವೂ ಹೊಸ ಮೂಳೆಯ ತಾಜಾತನವೂ ಒಂದೇ ಬೋಗುಣಿಯಲ್ಲಿ ಸಿಗುತ್ತವೆ. ಅಡುಗೆಯವರು ದೊಡ್ಡ ಹುಟ್ಟಿನಿಂದ ಹಂಡೆಯ ತಳ ಕೆದಕುತ್ತಾ ಮೂಳೆಗಳನ್ನು ಮಗುಚುತ್ತಿರಬೇಕು, ಸ್ವಲ್ಪ ಮರೆತರೂ ತಳ ಹಿಡಿಯುತ್ತದೆ. ಅಲ್ಲಿನ 'ಮುಕಾಶಿ ರಾಮೆನ್' ಕೇಳಿದರೆ ಮೇಲೆ ಹಂದಿಕೊಬ್ಬಿನ ಗರಿಗರಿ ಚೂರುಗಳು ಬರುತ್ತವೆ. ಹೊರಗೆ ಬೀದಿಯಲ್ಲೇ ಮೂಗಿಗೆ ಬಡಿಯುವ ವಾಸನೆಗೆ ಹೆದರಿ ಹಿಂದೆ ಸರಿಯಬೇಡಿ. ಬಾಯಲ್ಲಿ ಆ ಒರಟುತನ ಇರುವುದಿಲ್ಲ.

ಈ ವಾಸನೆಗೂ ಇಕ್ಕಟ್ಟಿಗೂ ಹಿಂಜರಿದು ಬಹಳ ಹೆಂಗಸರು ರಾಮೆನ್ ಅಂಗಡಿಗಳಿಂದ ದೂರವೇ ಉಳಿದಿದ್ದರು. 1985ರಲ್ಲಿ ಫುಕುಒಕಾದ ದೈಮ್ಯೊದಲ್ಲಿ ಕಾವಾಹರಾ ಶಿಗೆಮಿ 'ಇಪ್ಪುದೊ' ತೆರೆದದ್ದು ಅವರೂ ನೆಮ್ಮದಿಯಿಂದ ಬಂದು ಕೂರಲಿ ಎಂದು. ವಾಸನೆ ಕಡಿಮೆ ಮಾಡಿದ ನಯವಾದ ಸಾರು, ಚೊಕ್ಕಟ ಜಾಗ. ಆ ಅಂಗಡಿ 2008ರಲ್ಲಿ ನ್ಯೂಯಾರ್ಕ್ ತಲುಪಿತು. ಹೊರದೇಶಗಳಲ್ಲಿ ರಾಮೆನ್ ಉಂಡ ಬಹಳ ಜನರಿಗೆ ಬಿಳಿ ಸಾರಿನ ಪರಿಚಯ ಆದದ್ದು ಇಂಥ ಅಂಗಡಿಗಳಿಂದಲೇ.

ಫುಕುಒಕಾಗೆ ಹೋಗುವ ಕನ್ನಡಿಗರಿಗೆ ನನ್ನ ಸಲಹೆ ಇಷ್ಟು. ಒಂದು ದಿನ ಕುರುಮೆಗೆ ಮೀಸಲಿಡಿ. ಫುಕುಒಕಾದ ತೆಂಜಿನ್‌ನಿಂದ ನಿಶಿತೆತ್ಸು ರೈಲು ಹಿಡಿದರೆ ಅರ್ಧ ಗಂಟೆಯ ದಾರಿ. ಮೊದಲು ನಾನ್‌ಕಿನ್ ಸೆನ್‌ರ್ಯೊ, ಹಸಿವಾಗುವಷ್ಟು ತಿರುಗಾಡಿದ ಮೇಲೆ ತೈಹೊ. ಮರುದಿನ ಬೆಳಿಗ್ಗೆ ನಾಗಹಾಮಾ. ಬಿಳಿ ಸಾರಿನ ಮೇಲೆ ಹಕಾತಾದವರ ಹಕ್ಕನ್ನು ಪರೀಕ್ಷಿಸಬೇಕೆನಿಸಿದರೆ ಆಕಾನೊರೆನ್. ನದಿ ದಂಡೆಯ ನಕಾಸುವಿನ ಯತಾಯಿಗಳಲ್ಲಿ ಸಂಜೆ ಕೂರುವುದು ಚೆನ್ನ. ಅಲ್ಲಿ ರುಚಿಗಿಂತ ಪಕ್ಕದವರ ಜೊತೆಗಿನ ಮಾತು ಹೆಚ್ಚು.

ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು. ಮೇಲಿನ ಮಾಂಸದ ತುಂಡು ತೆಗೆಸಿದ ಮಾತ್ರಕ್ಕೆ ಇದು ಸಸ್ಯಾಹಾರ ಆಗುವುದಿಲ್ಲ, ಸಾರೇ ಹಂದಿ ಮೂಳೆಯದು. ಅಂಥವರು ತರಕಾರಿ ಸಾರಿನ ರಾಮೆನ್ ಮಾಡುವ ಅಂಗಡಿಯನ್ನು ಮೊದಲೇ ವಿಚಾರಿಸಿಕೊಂಡು ಹೋಗಲಿ.

ಉಳಿದವರು ಒಂದೇ ಬೋಗುಣಿ ಉಂಡು ತೀರ್ಪು ಕೊಡದಿರಲಿ. ಒಂದೇ ಅಂಗಡಿಗೆ ಸಮಯವಿದ್ದರೆ ನನ್ನ ಮತ ಕುರುಮೆಯ ತೈಹೊಗೆ. ಉಕ್ಕಿದ ಪಾತ್ರೆಯಿಂದ ಆ ಊರು ಕಲಿತದ್ದನ್ನು ಅದು ದಿನವೂ ಕುದಿಸಿ ಬಡಿಸುತ್ತಿದೆ.